ಮಸ್ಕತ್‌ನಲ್ಲಿ ಮೂರು ವರ್ಷ ಇದ್ದರೆ ಒಮಾನ್ ತಂಡಕ್ಕೆ ಆಡಬಹುದೇ? ಹತ್ತು ತಿಂಗಳು ಬಾಕಿ ಇರುವಾಗ ಕೆಲಸ ಬಿಟ್ಟವನ ಉತ್ತರ

ನಿಮಗೆ ಇಪ್ಪತ್ಮೂರು ವರ್ಷ, ಯಾದಗಿರಿಯವರು, ರಾಯಚೂರು ವಲಯದ ತಂಡದಿಂದ ಮುಂದಕ್ಕೆ ಆಯ್ಕೆಯಾಗಲಿಲ್ಲ. ಮಸ್ಕತ್‌ನಲ್ಲಿರುವ ಸೋದರಮಾವ ಕ್ರಿಕೆಟ್ ತಂಡವಿರುವ ಕಂಪನಿಯೊಂದರಲ್ಲಿ ಕೆಲಸ ಕೊಡಿಸುವುದಾಗಿ ಹೇಳಿದ್ದಾರೆ. ಮೂರು ವರ್ಷ ಅಲ್ಲಿದ್ದು ಒಮಾನ್ ಪರವಾಗಿ ವಿಶ್ವಕಪ್ ಅರ್ಹತಾ ಲೀಗ್‌ನಲ್ಲಿ ಆಡಬಹುದೇ ಎಂದು ಕೇಳಿದ್ದೀರಿ. ಊರಿನ ಹೆಸರು ಬದಲಿಸಿ ಕಲಬುರಗಿ ಎಂದು ಬರೆದರೆ ಇದು 2017ರಲ್ಲಿ ನಾನೇ ಕೇಳಬೇಕಿದ್ದ ಪ್ರಶ್ನೆ. ಆಗ ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ ಹೇಳುವವರು ನಮ್ಮ ಕಡೆ ಇರಲಿಲ್ಲ.

ನಾನು ಎಡಗೈ ಸ್ಪಿನ್ನರ್. ನಾವು ಆಡಿ ಬೆಳೆದದ್ದು ಮ್ಯಾಟ್ ಮೇಲೆ. ಬೆಳಿಗ್ಗೆ ಆರು ಗಂಟೆಗೆ ಕರಿಮಣ್ಣಿನ ಮೇಲೆ ಮ್ಯಾಟ್ ಹಾಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎಳೆದು, ಅಂಚಿನುದ್ದಕ್ಕೂ ಕಬ್ಬಿಣದ ಮೊಳೆ ಬಡಿದ ಮೇಲೆಯೇ ಆಟ. ಒಂದು ಮೊಳೆ ಸಡಿಲಾದರೂ ಮ್ಯಾಟ್ ಮಡಿಕೆ ಬಿದ್ದು, ಆ ಮಡಿಕೆಗೆ ತಾಗಿದ ಚೆಂಡು ಹಾವಿನಂತೆ ತಿರುಗುತ್ತಿತ್ತು. ಆ ತಿರುವು ನನ್ನ ಬೆರಳಿನದೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ವಲಯದ ಆಯ್ಕೆಗೆ ಎರಡು ಸಲ ರಾಯಚೂರಿಗೆ ಹೋಗಿ ಬಂದೆ. ಮೂರನೆಯ ಸಲಕ್ಕೆ ವಯಸ್ಸು ಮೀರಿತ್ತು.

2017ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಮಸ್ಕತ್ ವಿಮಾನ ಹತ್ತಿದೆ. ಕಟ್ಟಡ ಸಾಮಗ್ರಿ ಮಾರುವ ಕಂಪನಿಯಲ್ಲಿ ಸ್ಟೋರ್ ಕೀಪರ್ ಕೆಲಸ, ಸಂಬಳ 160 ರಿಯಾಲ್, ಆಗಿನ ಲೆಕ್ಕದಲ್ಲಿ ಸುಮಾರು 27,000 ರೂಪಾಯಿ. ರೂವಿಯಲ್ಲಿ ಒಂದು ಕೋಣೆಗೆ ಆರು ಜನ. ಕಂಪನಿಗೆ ತಂಡವಿತ್ತು, ಶುಕ್ರವಾರ ಪಂದ್ಯವಿರುತ್ತಿತ್ತು, ಮತ್ತು ಅಲ್ಲಿಯೂ ಕೆಳ ಡಿವಿಷನ್‌ನ ಆಟವೆಲ್ಲ ಸಿಮೆಂಟ್ ಪಿಚ್‌ಗೆ ಹಾಸಿದ ಮ್ಯಾಟ್ ಮೇಲೆಯೇ. ಹುಲ್ಲಿನ ಮೈದಾನ ಗುಡ್ಡದ ಆಚೆ ಅಮರಾತ್‌ನಲ್ಲಿತ್ತು.

ಒಮಾನ್ ತಂಡ ಆ ವರ್ಷಗಳಲ್ಲಿ ಏರುತ್ತಿದ್ದ ಏಣಿಯನ್ನು ಕಣ್ಣಾರೆ ಕಂಡವನಿಗೆ ಆಸೆ ಹುಟ್ಟದಿರಲು ಸಾಧ್ಯವಿರಲಿಲ್ಲ. ಆಗ ಇದ್ದದ್ದು 2007ರಲ್ಲಿ ಶುರುವಾದ, ಟೆಸ್ಟ್ ಆಡದ ದೇಶಗಳ ವಿಶ್ವ ಕ್ರಿಕೆಟ್ ಲೀಗ್. ಡಿವಿಷನ್‌ಗಳು ಒಂದರ ಕೆಳಗೊಂದು, ಮೊದಲೆರಡು ಸ್ಥಾನ ಪಡೆದವರು ಮೇಲಕ್ಕೆ, ಕೊನೆಯವರು ಕೆಳಕ್ಕೆ. ಅಫ್ಘಾನಿಸ್ತಾನ 2008ರಲ್ಲಿ ಜರ್ಸಿ ದ್ವೀಪದಲ್ಲಿ ಐದನೇ ಡಿವಿಷನ್ ಆಡಿ, ಮರುವರ್ಷವೇ ಏಕದಿನ ಮಾನ್ಯತೆ (ಆಡಿದ ಏಕದಿನ ಪಂದ್ಯ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೆಂದು ಲೆಕ್ಕವಾಗುವ ಹಕ್ಕು) ಪಡೆದು, 2017ರಲ್ಲಿ ಟೆಸ್ಟ್ ರಾಷ್ಟ್ರವಾದದ್ದು ಇದೇ ಏಣಿಯಿಂದ. ಒಮಾನ್ ಕೂಡ 2016ರಲ್ಲಿ ಅದೇ ಜರ್ಸಿಯಲ್ಲಿ ಐದನೇ ಡಿವಿಷನ್‌ನಿಂದ ಹೊರಟು, ಲಾಸ್ ಏಂಜಲೀಸ್‌ನಲ್ಲಿ ನಾಲ್ಕು, ಉಗಾಂಡಾದಲ್ಲಿ ಮೂರು ದಾಟಿ, 2018ರ ಫೆಬ್ರವರಿಯಲ್ಲಿ ನಮೀಬಿಯಾದ ಎರಡನೇ ಡಿವಿಷನ್‌ನಲ್ಲಿ ಎಡವಿ ಮತ್ತೆ ಮೂರಕ್ಕೆ ಬಿದ್ದಿತು. ಆ ಮೂರನೇ ಡಿವಿಷನ್ 2018ರ ನವೆಂಬರ್‌ನಲ್ಲಿ ಮಸ್ಕತ್‌ನಲ್ಲೇ ನಡೆಯಿತು. ರಜೆ ಕೇಳಿ ಎರಡು ದಿನ ಅಮರಾತ್‌ಗೆ ಹೋಗಿ ಕುಳಿತೆ. ಬೇಲಿಯ ಆಚೆ ಕೀನ್ಯಾ ತಂಡ ಕ್ಯಾಚ್ ಅಭ್ಯಾಸ ಮಾಡುತ್ತಿತ್ತು. 2003ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ಆಡಿದ ಅದೇ ಕೀನ್ಯಾ, ಡೆನ್ಮಾರ್ಕ್ ಮತ್ತು ಸಿಂಗಪುರದ ಜೊತೆ ಮೂರನೇ ಡಿವಿಷನ್‌ನಲ್ಲಿ. ಏಣಿಯಲ್ಲಿ ಇಳಿಯುವ ಮೆಟ್ಟಿಲೂ ಇರುತ್ತದೆ ಎಂಬುದು ನನಗೆ ಅಂದೇ ಹೊಳೆಯಬೇಕಿತ್ತು. 2019ರ ಏಪ್ರಿಲ್‌ನಲ್ಲಿ ನಮೀಬಿಯಾದ ವಿಂಡ್‌ಹೋಕ್‌ನಲ್ಲಿ ಒಮಾನ್ ಏಕದಿನ ಮಾನ್ಯತೆ ಗಳಿಸಿದ ರಾತ್ರಿ ನಮ್ಮ ಕೋಣೆಯಲ್ಲಿ ಬಿರಿಯಾನಿ ತರಿಸಿದ್ದೆವು. ಆ ಆರು ಜನರಲ್ಲಿ ಒಬ್ಬನೂ ಒಮಾನಿ ಪ್ರಜೆಯಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಇದನ್ನೇ ಮಾಡುವ ಸಾಧ್ಯತೆ ಹೆಚ್ಚು.

ಐಸಿಸಿ ನಿಯಮದ ಪ್ರಕಾರ ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಪ್ರಜೆಯಾಗಿರಬೇಕು, ಅದೂ ಇಲ್ಲದಿದ್ದರೆ ಆಡುವ ದಿನಕ್ಕೆ ಹಿಂದಿನ ಮೂರು ವರ್ಷ ಆ ದೇಶವೇ ನಿಮ್ಮ ಕಾಯಂ ನೆಲೆಯಾಗಿರಬೇಕು. ನಾನು ‘ಮೂರು ವರ್ಷ’ ಎಂಬುದನ್ನು ಮಾತ್ರ ಓದಿದೆ, ‘ಹಿಂದಿನ’ ಎಂಬುದನ್ನು ಓದಲಿಲ್ಲ. ಬ್ಯಾಂಕಿನಲ್ಲಿ ಹಣ ಕೂಡಿಸಿದಂತೆ ತಿಂಗಳುಗಳನ್ನು ಕೂಡಿಸಿಡಬಹುದು, ನಡುವೆ ಬಿಟ್ಟರೂ ಬಂದು ಮುಂದುವರಿಸಬಹುದು ಎಂದುಕೊಂಡಿದ್ದೆ. ಹಾಗಲ್ಲ. ದಾರ ಹರಿದರೆ ಮತ್ತೆ ಮೊದಲಿನಿಂದ ನೂಲಬೇಕು.

2019ರ ಡಿಸೆಂಬರ್ ಹೊತ್ತಿಗೆ ನನ್ನದು ಇಪ್ಪತ್ತಾರು ತಿಂಗಳಾಗಿತ್ತು, ಬಾಕಿ ಹತ್ತು. ಆಗ ಮತ್ತೊಂದು ಕಂಪನಿಯಿಂದ 230 ರಿಯಾಲ್‌ನ ಕರೆ ಬಂತು. ಊರಿನಲ್ಲಿ ತಂಗಿಯ ಮದುವೆಯ ಸಾಲವಿತ್ತು. ಫೋನಿನಲ್ಲಿ ಅವ್ವ, “ರೊಕ್ಕ ಹೆಚ್ಚಿಗಿ ಬರ್ತಾವಂದ್ರ ಅಲ್ಲೇ ಯಾಕ ಕುಂತಿದಿ?” ಎಂದಳು. ದೇಶ ಅದೇ, ಕಂಪನಿ ಮಾತ್ರ ಬೇರೆ, ಹಾಗಾಗಿ ಲೆಕ್ಕ ನಿಲ್ಲುವುದಿಲ್ಲ ಎಂಬುದು ನನ್ನ ತರ್ಕ. ಕ್ರಿಕೆಟ್ ನಿಯಮದ ಮಟ್ಟಿಗೆ ಆ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ವೀಸಾದ ವಿಷಯದಲ್ಲಿ. ಅಲ್ಲಿನ ವೀಸಾ ನಿಮ್ಮ ಹೆಸರಿನಲ್ಲಿದ್ದರೂ ಅದರ ಜುಟ್ಟು ಕಂಪನಿಯ ಕೈಯಲ್ಲಿರುತ್ತದೆ. ಹಳೆಯ ಕಂಪನಿ ಎನ್‌ಒಸಿ, ಅಂದರೆ ಬೇರೆ ಕಡೆ ಕೆಲಸಕ್ಕೆ ಸೇರಲು ತನ್ನ ಅಭ್ಯಂತರವಿಲ್ಲ ಎಂಬ ಪತ್ರ, ಕೊಡದಿದ್ದರೆ ದೇಶ ಬಿಡಬೇಕು, ಮತ್ತು ಎರಡು ವರ್ಷ ಬೇರೆ ಕೆಲಸದ ವೀಸಾದ ಮೇಲೆ ಮರಳುವಂತಿಲ್ಲ. ಆಗಿನ ಕಾನೂನು ಅದು.

ನನಗೆ ಎನ್‌ಒಸಿ ಎಂಬುದೊಂದಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕ್ರಮವನ್ನು ತಿರುಗಾಮುರುಗಾ ಮಾಡಿದೆ. ಮೊದಲು ಕಾಗದ ಕೇಳಿ, ಅದು ಕೈಗೆ ಬಂದ ಮೇಲೆ ರಾಜೀನಾಮೆ ಕೊಡಬೇಕಿತ್ತು. ನಾನು ಮೊದಲು ರಾಜೀನಾಮೆ ಕೊಟ್ಟು ಆಮೇಲೆ ಕಾಗದ ಕೇಳಿದೆ. ಹೊಸ ಕಂಪನಿಯ ಪಿಆರ್‌ಒ (ವೀಸಾ, ಸರ್ಕಾರಿ ಕಾಗದ ನೋಡಿಕೊಳ್ಳುವವನು) “ಎನ್‌ಒಸಿ ನಮಗೆ ಬಿಡಿ” ಎಂದಿದ್ದ. ಅದನ್ನು ಬರಹದಲ್ಲಿ ಕೇಳಲಿಲ್ಲ. ಅದಕ್ಕಿಂತ ದೊಡ್ಡ ಅವಿವೇಕವೆಂದರೆ, ಎರಡು ತಿಂಗಳ ಹಿಂದಷ್ಟೇ, ಅಕ್ಟೋಬರ್‌ನಲ್ಲಿ, ನನ್ನ ಮೊದಲ ಎರಡು ವರ್ಷದ ಕರಾರು ಮುಗಿದು ನವೀಕರಣಕ್ಕೆ ಬಂದಿತ್ತು. ಕಂಪನಿಗೆ ನನ್ನ ಸಹಿ ಬೇಕಿದ್ದ, ನನ್ನ ಮಾತಿಗೆ ಸ್ವಲ್ಪವಾದರೂ ತೂಕವಿದ್ದ ಒಂದೇ ವಾರ ಅದು. ಸಂಬಳ ಹೆಚ್ಚಿಸಿ ಎಂದೋ, ಎನ್‌ಒಸಿ ಕೊಡಿ ಎಂದೋ ಅಂದು ಕೇಳಬಹುದಿತ್ತು. ಶುಕ್ರವಾರದ ಪಂದ್ಯಕ್ಕೆ ಹೊತ್ತಾಗುತ್ತದೆಂದು ಗೋದಾಮಿನ ಮೇಜಿನ ಮೇಲೆ, ಸಿಮೆಂಟ್ ಚೀಲದ ಲೆಕ್ಕದ ಪುಸ್ತಕವನ್ನು ಒತ್ತಿಟ್ಟುಕೊಂಡು, ಓದದೆ ಸಹಿ ಹಾಕಿದೆ. ಹಾಗೆ ಸಹಿ ಹಾಕಿದವನು ಎಂಟು ವಾರಕ್ಕೆ ಬಿಟ್ಟು ಹೋಗುತ್ತೇನೆಂದರೆ ಯಾವ ಮ್ಯಾನೇಜರ್ ಸುಮ್ಮನಿರುತ್ತಾನೆ? ಎನ್‌ಒಸಿ ಇಲ್ಲ ಎಂದರು, ಬತಾಕಾ ವಾಪಸು ಪಡೆದರು (ಅಲ್ಲಿನ ವಾಸದ ಕಾರ್ಡಿಗೆ ಎಲ್ಲರೂ ಹಾಗೆಯೇ ಅನ್ನುತ್ತಾರೆ), ಹೈದರಾಬಾದಿಗೆ ಟಿಕೆಟ್ ಕೊಟ್ಟರು.

ಮೂರು ತಿಂಗಳಿಗೆ ಕೊರೊನಾ ಬಂತು. ಎಲ್ಲ ಮೈದಾನಗಳಿಗೂ ಬೀಗ ಬಿತ್ತು, ಆದರೆ ಕೋಣೆಯಲ್ಲೇ ಕುಳಿತಿದ್ದ ನನ್ನ ಜೊತೆಗಾರರ ತಿಂಗಳುಗಳು ಚೆಂಡು ಮುಟ್ಟದೆಯೇ ಎಣಿಕೆಯಾಗುತ್ತಿದ್ದವು. 2021ರ ಜನವರಿಯಲ್ಲಿ ಒಮಾನ್ ಸರ್ಕಾರ ಎನ್‌ಒಸಿ ಪದ್ಧತಿಯನ್ನೇ ಕೈಬಿಟ್ಟಿತು. ಹದಿಮೂರು ತಿಂಗಳು ಸುಮ್ಮನೆ ಸಿಮೆಂಟ್ ಚೀಲ ಎಣಿಸಿಕೊಂಡಿದ್ದರೆ ಅರ್ಹತೆಯೂ ಸಿಗುತ್ತಿತ್ತು, 230 ರಿಯಾಲ್‌ನ ಕೆಲಸವೂ ಸಿಗುತ್ತಿತ್ತು.

2021ರ ಅಕ್ಟೋಬರ್ 17ರಂದು ಭಾರತದಿಂದ ಸ್ಥಳಾಂತರಗೊಂಡ ಟಿ20 ವಿಶ್ವಕಪ್‌ನ ಮೊದಲ ಪಂದ್ಯ ಅಮರಾತ್‌ನಲ್ಲೇ ನಡೆಯಿತು. ನಾನು ಅದನ್ನು ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟ್ ಹತ್ತಿರದ ಗೆಳೆಯನ ಅಂಗಡಿಯಲ್ಲಿ, ಫೋನನ್ನು ನೀರಿನ ಬಾಟಲಿಗೆ ಆನಿಸಿಟ್ಟು ನೋಡಿದೆ. ಪಪುವಾ ನ್ಯೂಗಿನಿ 129 ರನ್ ಮಾಡಿತು, ಒಮಾನ್ ವಿಕೆಟ್ ಕಳೆದುಕೊಳ್ಳದೆ ಗೆದ್ದಿತು. ಲುಧಿಯಾನಾದಲ್ಲಿ ಹುಟ್ಟಿದ ಜತಿಂದರ್ ಸಿಂಗ್ ಔಟಾಗದೆ 73 ಹೊಡೆದರು. ನನ್ನ ಕಣ್ಣಿದ್ದದ್ದು ಬೌಲಿಂಗ್ ಮೇಲೆ. ನಾಯಕ ಜೀಶಾನ್ ಮಕ್ಸೂದ್ 20 ರನ್ನಿಗೆ ನಾಲ್ಕು ವಿಕೆಟ್ ಪಡೆದರು, ಮತ್ತು ಅವರು ಎಡಗೈ ಸ್ಪಿನ್ನರ್. ಒಮಾನ್‌ಗೆ ಆಡಿದ, ಪೋರಬಂದರಿನ ಅಜಯ್ ಲಾಲ್‌ಚೇಟಾ ಕೂಡ ಎಡಗೈ ಸ್ಪಿನ್ನರ್. ಆಮಿರ್ ಕಲೀಮ್ ಕೂಡ ಎಡಗೈ ಸ್ಪಿನ್ನರ್. ಅಂದರೆ ನನ್ನ ಹತ್ತು ತಿಂಗಳು ತುಂಬಿದ್ದರೂ ನಾನು ಆ ಸಾಲಿನ ಬಾಲದಲ್ಲೆಲ್ಲೋ ನಿಂತಿರುತ್ತಿದ್ದೆ. ಅಮರಾತ್‌ನ ಹುಲ್ಲಿನ ಪಿಚ್‌ನ ನೆಟ್ಸ್‌ನಲ್ಲಿ ಒಮ್ಮೆ ಬೌಲ್ ಮಾಡಿದ್ದಾಗ ನನ್ನ ಮ್ಯಾಟ್ ತಿರುವು ಅಲ್ಲಿ ಕೆಲಸ ಮಾಡಿರಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಸಾಲಿನಲ್ಲಿ ನಿಂತು ಸೋಲುವುದು ಬೇರೆ, ಸಾಲಿಗೇ ಸೇರದಿರುವುದು ಬೇರೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ‘ಸಣ್ಣ ದೇಶವಾದ್ದರಿಂದ ಸುಲಭ’ ಎಂಬುದು. ಆ ದೇಶಕ್ಕೆ ಇಡೀ ಉಪಖಂಡದ ವಲಯ ಮಟ್ಟದ ಆಟಗಾರರು ನಿಮ್ಮಂತೆಯೇ ಕೆಲಸ ಹುಡುಕಿಕೊಂಡು ಬಂದಿರುತ್ತಾರೆ. 2025ರ ಏಷ್ಯಾ ಕಪ್‌ನಲ್ಲಿ ಭಾರತದ ವಿರುದ್ಧ 64 ರನ್ ಹೊಡೆದ ಆಮಿರ್ ಕಲೀಮ್ ಅವರಿಗೆ ಆಗ ವಯಸ್ಸು 43. ಇಂಥವರು ಜಾಗ ಬಿಟ್ಟುಕೊಡುವುದನ್ನು ನೀವು ಕಾಯಬೇಕು. ಇನ್ನು ಈಗಿನ ವ್ಯವಸ್ಥೆಯಂತೂ ಹೊಸಬರಿಗೆ ಇನ್ನಷ್ಟು ಬಿಗಿ. ನೀವು ಕೇಳಿದ ವಿಶ್ವಕಪ್ ಅರ್ಹತಾ ಲೀಗ್ ಎಂದರೆ ಲೀಗ್ 2; 2024ರಲ್ಲಿ ಶುರುವಾದ ಅದರ ಆವೃತ್ತಿಯಲ್ಲಿ ಎಂಟು ತಂಡ, ಪ್ರತಿ ತಂಡಕ್ಕೆ 36 ಏಕದಿನ ಪಂದ್ಯ. ಮೊದಲ ನಾಲ್ಕು ತಂಡಗಳಿಗೆ ನೇರವಾಗಿ 2027ರ ವಿಶ್ವಕಪ್‌ನ ಅರ್ಹತಾ ಟೂರ್ನಿ, ಉಳಿದ ನಾಲ್ಕಕ್ಕೆ ಕೆಳಗಿನ ಚಾಲೆಂಜ್ ಲೀಗ್‌ನಿಂದ ಬಂದವರ ಜೊತೆ ಪ್ಲೇ-ಆಫ್. 2023ರಲ್ಲಿ ಅಂಥದೇ ಪ್ಲೇ-ಆಫ್‌ನಲ್ಲಿ ಪಪುವಾ ನ್ಯೂಗಿನಿ ಏಕದಿನ ಮಾನ್ಯತೆಯನ್ನೇ ಕಳೆದುಕೊಂಡಿತು, ಕೆನಡಾ ಅದನ್ನು ಮರಳಿ ಪಡೆಯಿತು. ಒಂದು ಕೆಟ್ಟ ವಾರ ಇಡೀ ದೇಶದ ಮಾನ್ಯತೆಯನ್ನು ನುಂಗಬಹುದಾದಾಗ ಯಾವ ಕೋಚ್ ತಾನೇ ಯಾದಗಿರಿಯಿಂದ ಬಂದ ಹೊಸ ಹುಡುಗನನ್ನು ಪರೀಕ್ಷಿಸುತ್ತಾನೆ?

ಅಮೆರಿಕ ತಂಡಕ್ಕೆ ಆಡಿದ ನೊಸ್ತುಷ್ ಕೆಂಜಿಗೆಯವರ ಉದಾಹರಣೆ ಕೊಟ್ಟಿದ್ದೀರಿ. ಚಿಕ್ಕಮಗಳೂರಿನ ಕಡೆ ಬೆಳೆದ ಹುಡುಗ 2024ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನದ ಮೂರು ವಿಕೆಟ್ ಪಡೆದದ್ದು ನನಗೂ ಹೆಮ್ಮೆಯೇ. ಆದರೆ ಅವರು ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. ಅವರ ದಾರಿ ನಿಮ್ಮದಾಗುವುದಿಲ್ಲ. ನಿಮಗೆ ಹೊಂದುವುದು ಅದೇ ಪಂದ್ಯದಲ್ಲಿ ಸೂಪರ್ ಓವರ್ ಹಾಕಿದ ಸೌರಭ್ ನೇತ್ರಾವಳ್ಕರ್ ಅವರ ಉದಾಹರಣೆ. ಭಾರತದ 19 ವರ್ಷದೊಳಗಿನವರ ತಂಡಕ್ಕೆ ಆಡಿದ್ದರೂ ಅವರು ಅಮೆರಿಕಕ್ಕೆ ಹೋದದ್ದು ಎಂಜಿನಿಯರಿಂಗ್ ಓದಲು, ಉಳಿದದ್ದು ಸಾಫ್ಟ್‌ವೇರ್ ಕೆಲಸದ ಬಲದಿಂದ. ಕ್ರಿಕೆಟ್ ಆಮೇಲೆ ಬಂತು.

ಆದ್ದರಿಂದ ತಮ್ಮಾ, ಕ್ರಿಕೆಟ್‌ಗಾಗಿ ಮಸ್ಕತ್‌ಗೆ ಹೋಗಬೇಡಿ. ಕ್ರಿಕೆಟ್ ಇಲ್ಲವೇ ಇಲ್ಲ ಎಂದುಕೊಂಡರೂ ಆ ಕೆಲಸ, ಆ ಸಂಬಳ ನಿಮ್ಮ ಮನೆಗೆ ಸಾಕೆನಿಸಿದರೆ ಮಾತ್ರ ಹೋಗಿ. ಹೋದರೆ ಮೂರು ವರ್ಷ ಒಂದೇ ಕಂಪನಿಯಲ್ಲಿ ಇರಿ. ಈಗ ಎನ್‌ಒಸಿ ಬೇಕಿಲ್ಲವೆಂದು ಕರಾರಿನ ನಡುವೆ ಹಾರಬೇಡಿ. ಊರಿಗೆ ಬಂದರೆ ರಜೆ ಮುಗಿಯುವ ದಿನವೇ ಹಿಂತಿರುಗಿ, ಇಲ್ಲಿನ ಟೆನಿಸ್ ಬಾಲ್ ಟೂರ್ನಿಗೆಂದು ಒಂದು ವಾರವೂ ಹೆಚ್ಚಿಗೆ ಉಳಿಯಬೇಡಿ. ಪಾಸ್‌ಪೋರ್ಟಿನ ಪ್ರತಿ ಮೊಹರಿನ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ನೀವು ಅಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿ ಕೊಡಬೇಕಾದವರು ನೀವೇ.

ಸದ್ಯಕ್ಕೆ ಮಾವನವರಿಗೆ ಫೋನ್ ಮಾಡಿ ಒಂದು ವಿಷಯ ಕೇಳಿ: ಮೊದಲ ದಿನದಿಂದಲೇ ಕೆಲಸದ ವೀಸಾ ಕೊಡುತ್ತಾರೋ, ಅಥವಾ ವಿಸಿಟ್ ವೀಸಾದ ಮೇಲೆ ಕರೆಸಿ ಆಮೇಲೆ ಬದಲಿಸುತ್ತಾರೋ? “ಮೊದಲು ಬಾ, ಆಮೇಲೆ ನೋಡೋಣ” ಎಂಬ ಉತ್ತರ ಬಂದರೆ ಪೆಟ್ಟಿಗೆ ಕಟ್ಟಬೇಡಿ. ಕೆಲಸದ ವೀಸಾವೇ ಎಂದರೆ ಆಫರ್ ಲೆಟರ್ ತರಿಸಿಕೊಂಡು, ಕರಾರಿನ ಅವಧಿ ಬರೆದಿರುವ ಸಾಲನ್ನು ಎರಡು ಸಲ ಓದಿ. ಅರ್ಥವಾಗದಿದ್ದರೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಮರೆಮಾಡಿ ಆ ಸಾಲನ್ನಷ್ಟೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.