ಕ್ರೇನಿನಲ್ಲಿ ತರಕಾರಿ ತರುವವರಿಗೆ

“ಟಾಟಾ 407 ಲಾರಿಯ ಮೇಲೆ ಕಟ್ಟಿಸಿದ, ಕೆಟ್ಟು ನಿಂತ ವಾಹನ ಎತ್ತಿ ಎಳೆಯುವ ಟೋಯಿಂಗ್ ಗಾಡಿ ನನ್ನದು. ಶಿರಾಡಿ ಘಾಟಿಯ ಮೇಲ್ತುದಿಯಲ್ಲಿ ಶೆಡ್ಡು, ಅಲ್ಲಿಂದ ಮನೆ 22 ಕಿ.ಮೀ. ದಿನದ ಓಡಾಟ, ಸಂತೆ, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲ ಅದರಲ್ಲೇ. ಮೂರು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಗೊಳ್ಳೋಣವೆಂದರೆ ಮನೆಯಲ್ಲಿ ‘ಇರುವ ಗಾಡಿ ಸಾಲದೇ’ ಅನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?”
— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ತಗೊಳ್ಳಿ ಸ್ವಾಮಿ. ಮನೆಯವರ ಮಾತಿನಲ್ಲೂ ಹುರುಳಿದೆ. ಎರಡು ಗಾಡಿ ಅಂದರೆ ಎರಡು ವಿಮೆ, ಎರಡು ಬ್ಯಾಟರಿ, ಎರಡು ಸರ್ವೀಸು. ಟೋಯಿಂಗ್ ಗಾಡಿ ಜೊತೆಯಲ್ಲೇ ಇದ್ದರೆ ದಾರಿಯಲ್ಲಿ ಸಿಕ್ಕ ಕೆಲಸವೂ ಕೈತಪ್ಪುವುದಿಲ್ಲ. ಆ ಪಕ್ಷಕ್ಕೆ ಇಷ್ಟು ಸಾಕು.

ಡೀಸೆಲ್ ಲೆಕ್ಕದಿಂದ ಶುರುಮಾಡುವವರೆಲ್ಲ ಅಲ್ಲಿಗೇ ನಿಲ್ಲಿಸುತ್ತಾರೆ, ಅದೇ ತಪ್ಪು. ದಿನಕ್ಕೆ 44 ಕಿ.ಮೀ. ಲೀಟರಿಗೆ 8 ಕೊಡುವ ನಿಮ್ಮ ಗಾಡಿಗೆ ಐದೂವರೆ ಲೀಟರ್, ಅಂದರೆ ಹೆಚ್ಚುಕಡಿಮೆ 500 ರೂಪಾಯಿ. ಲೀಟರಿಗೆ 18 ಕೊಡುವ ಪೆಟ್ರೋಲ್ ಕಾರಿಗೆ 250. ವಾರದ ರಜೆ ಬಿಟ್ಟರೆ ವರ್ಷಕ್ಕೆ ಸುಮಾರು 78 ಸಾವಿರ ಉಳಿಯುತ್ತದೆ. ಅದರಲ್ಲಿ ಕಾರಿನ ವಿಮೆ, ಸರ್ವೀಸು, ಟೈರು ಎಂದು 25ರಿಂದ 30 ಸಾವಿರ ಕಳೆಯಿರಿ. ಕಾರಿಗೆ ಹಾಕಿದ ಮೂರು ಲಕ್ಷ ಇಂಧನದ ಉಳಿತಾಯದಿಂದಲೇ ವಾಪಸಾಗಲು ಆರು ವರ್ಷ ಬೇಕು. ಅಷ್ಟಕ್ಕಾಗಿಯೇ ಆದರೆ ಕಾರು ಬೇಡ ಎಂದೇ ಹೇಳುತ್ತಿದ್ದೆ.

ಆದರೆ ನೀವು ಖಾಲಿ ಗಾಡಿ ಅಂದುಕೊಂಡಿರುವುದು ಯಾವತ್ತೂ ಖಾಲಿ ಇರುವುದಿಲ್ಲ. ಭಾರ ಎತ್ತುವ ತೋಳಾದ ಬೂಮು, ಹಗ್ಗ ಸುತ್ತಿ ಎಳೆಯುವ ವಿಂಚು, ಹೈಡ್ರಾಲಿಕ್ ಸಿಲಿಂಡರು, ಕಾರಿನ ಚಕ್ರ ಎತ್ತಿ ಹಿಡಿಯುವ ವ್ಹೀಲ್-ಲಿಫ್ಟು ಎಲ್ಲ ಸೊಪ್ಪು ತರಲು ಹೋದಾಗಲೂ ಹಿಂದೆಯೇ ನೇತಾಡುತ್ತಿರುತ್ತವೆ. ಅದರಲ್ಲಿ ಬಹುಪಾಲು ಭಾರ ಹಿಂದಿನ ಆ್ಯಕ್ಸಲಿಗಿಂತ ಆಚೆ ಇರುವುದರಿಂದ ಮುಂದಿನ ಚಕ್ರದ ಮೇಲಿನ ಒತ್ತಡ ತಗ್ಗಿ ಸ್ಟೀರಿಂಗ್ ಹಗುರಾಗುತ್ತದೆ, ಗುಂಡಿ ಸಿಕ್ಕಾಗಲೆಲ್ಲ ಹಿಂದಿನ ಕಮಾನು ಪಟ್ಟಿ, ಬುಷ್ಷು ಪೆಟ್ಟು ತಿನ್ನುತ್ತವೆ. ಒಂದು ಕಾಸೂ ದುಡಿಯದ 13,700 ಕಿ.ಮೀ.ಗೆ ವರ್ಷವರ್ಷವೂ ಆರು ಟೈರು, ಕ್ಲಚ್ಚು, ಬ್ರೇಕ್ ಲೈನರು ಸವೆಸುತ್ತಿದ್ದೀರಿ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಾರಿರಿ.

ಮಕ್ಕಳ ವಿಷಯಕ್ಕೆ ಸ್ವಲ್ಪ ಗದರಬೇಕಾಗಿದೆ. ನಿಮ್ಮ ಪಾಲಿಸಿ ತೆಗೆದು ನೋಡಿ: ಚಾಲಕ, ಕ್ಲೀನರ್ ಬಿಟ್ಟು ಬೇರೆ ಯಾರಿಗೆ ಪ್ರೀಮಿಯಂ ಕಟ್ಟಿದ್ದೀರಿ? ಸರಕು ವಾಹನದಲ್ಲಿ ಪುಕ್ಕಟೆ ಕೂತು ಬಂದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಎರಡು ದಶಕ ದಾಟಿತು. ನಿಮ್ಮದು ಸರಕು ಗಾಡಿಯಲ್ಲ ಎಂದು ವಾದಿಸಬಹುದು, ಆದರೆ ಆ ವಾದ ಮಾಡುವ ಪ್ರಸಂಗವೇ ಬರಬಾರದು. ಜೊತೆಗೆ, ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ವರ್ಷವರ್ಷವೂ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಆರ್‌ಟಿಒ ಪತ್ರ. ಗಾಡಿ ಬಣ್ಣಕ್ಕೆ, ವೆಲ್ಡಿಂಗಿಗೆ ನಿಂತ ಆ ವಾರ ಮನೆಮಂದಿ ಯಾವುದರಲ್ಲಿ ಓಡಾಡುತ್ತೀರಿ?

ಪೆಟ್ರೋಲ್ ಹ್ಯಾಚ್‌ಬ್ಯಾಕೇ ನೋಡಿ. ಸಿಎನ್‌ಜಿ ಬೇಡ, ಡಿಕ್ಕಿಯಲ್ಲಿ ಸಿಲಿಂಡರೇ ಕೂತರೆ ನಿಮ್ಮ ಜಾಕು, ಸರಪಳಿ ಎಲ್ಲಿಡುತ್ತೀರಿ? ಮಲೆನಾಡಿನ ಕಾರಾದರೆ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು ನೋಡಿ, ಬಾಗಿಲ ಕೆಳಂಚಿನ ನೀರು ಹೋಗುವ ತೂತಿಗೆ ಕಡ್ಡಿ ಹಾಕಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೆರೆ ನೀರಲ್ಲಿ ಮುಳುಗಿದ ಕಾರಿನ ಸೀಟು ತೊಳೆದಿರುತ್ತಾರೆ, ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸಕಲೇಶಪುರದ ಕೆಎ-46 ಅಥವಾ ಹಾಸನದ ಕೆಎ-13 ನಂಬರಿನದಾದರೆ ಹೆಸರು ಬದಲಾವಣೆ ಫಾರಂ 29, 30ರಲ್ಲಿ ಮುಗಿಯುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಆ ಹೆಸರು ತೆಗೆಸುವ ಫಾರಂ 35 ಸಿಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೊರರಾಜ್ಯದ್ದಾದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಗ್ಗವಾಗಿ ಸಿಕ್ಕಿದ್ದು ಅಲ್ಲಿಗೆ ಸರಿಹೋಯಿತು.

ಕಾರು ಬಂತೆಂದು ಶೆಡ್ಡಿನ ಗಾಡಿ ಮರೆಯಬೇಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂಜಿನ್ನಿನ ಶಕ್ತಿಯನ್ನು ಹೈಡ್ರಾಲಿಕ್ ಪಂಪಿಗೆ ಕೊಡುವ ಪಿಟಿಒ ಹಾಕಿ, ಬೂಮನ್ನು ಪೂರ್ತಿ ಎತ್ತಿ ಇಳಿಸಿ. ಆಡದ ಸೀಲು ಒಣಗಿ, ಕೆಲಸದ ದಿನವೇ ಎಣ್ಣೆ ಸೋರಿಸುತ್ತದೆ. ವಿಂಚಿನ ಹಗ್ಗವನ್ನು ಡ್ರಮ್ಮಿನಲ್ಲಿ ಐದು ಸುತ್ತು ಉಳಿಯುವಷ್ಟು ಬಿಚ್ಚಿ, ಹುಕ್ಕಿಗೆ ಭಾರ ಕೊಟ್ಟು ಬಿಗಿಯಾಗಿ ಮತ್ತೆ ಸುತ್ತಿ. ಸಡಿಲ ಸುತ್ತಿದರೆ ಮೇಲಿನ ಸುತ್ತು ಕೆಳಗಿನದರ ಸಂದಿಗೆ ಇಳಿದು ಜಜ್ಜಿಹೋಗುತ್ತದೆ. ಕೈಗವಸು ಇಲ್ಲದೆ ಹಗ್ಗ ಮುಟ್ಟಬೇಡಿ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರನ್ನೂ ಬಸಿಯಿರಿ.

ನಿಮ್ಮ ಪತ್ರ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ, ಈಗ ಸಣ್ಣ ಕಾರು ಕೇಳುವವರೇ ಅಪರೂಪ. ಸ್ಯಾಂಟ್ರೊ 2022ರಲ್ಲಿ ನಿಂತಿತು, ಆಲ್ಟೊ 800 ಮರುವರ್ಷ. ಸಣ್ಣ ಕಾರಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 18 ಶೇಕಡಕ್ಕೆ ಇಳಿದರೂ ಶೋರೂಮಿನ ಹುಡುಗ ಎತ್ತರದ ಗಾಡಿಯನ್ನೇ ಮೊದಲು ತೋರಿಸುತ್ತಾನೆ. ಎತ್ತರದ ಗಾಡಿ ಕೊಂಡವರು ಅದನ್ನು ಸರಿಯಾಗಿ ನಿಲ್ಲಿಸುವುದನ್ನಾದರೂ ಕಲಿತಿದ್ದಾರೆಯೇ? ಘಾಟಿಯಲ್ಲಿ ಕೆಟ್ಟು ನಿಂತರೆ ಹಿಂದೆ ನಾಲ್ಕು ಕಲ್ಲು, ಒಂದು ಹಿಡಿ ಸೊಪ್ಪು. ಗಾಡಿ ಎತ್ತಿಸಿಕೊಂಡು ಹೋಗುತ್ತಾರೆ, ಕಲ್ಲು ರಾತ್ರಿಯಿಡೀ ರಸ್ತೆಯಲ್ಲೇ ಇರುತ್ತದೆ, ಬೈಕಿನವನು ಬೀಳುತ್ತಾನೆ. ಎತ್ತಲು ಬಂದವನೂ ಆಟೊಮ್ಯಾಟಿಕ್ ಕಾರೋ ಎಲೆಕ್ಟ್ರಿಕ್ಕೋ ನೋಡದೆ, ಎಂಜಿನ್ನಿಗೋ ಮೋಟರಿಗೋ ಕೂಡಿದ ಚಕ್ರವನ್ನು ನೆಲದಲ್ಲೇ ಬಿಟ್ಟು ಎಳೆದು ಗೇರ್‌ಬಾಕ್ಸೋ ಮೋಟರೋ ಸುಡುತ್ತಾನೆ. ಕಾರಿನ ಜೊತೆ ಬಂದ ತ್ರಿಕೋನ ಫಲಕ ಕವರಿನಿಂದ ಹೊರಗೇ ಬಂದಿರುವುದಿಲ್ಲ. ನಿಮ್ಮ ಹೊಸ ಕಾರಿನಲ್ಲಿ ಅಂಥವು ಎರಡಿರಲಿ. ಒಂದನ್ನು ಗಾಡಿಯ ಹಿಂದೆ 50 ಮೀಟರಿಗೆ ಇಡಿ, ಇನ್ನೊಂದನ್ನು ತಿರುವಿಗೂ ಮೊದಲೇ, ಬರುವವನಿಗೆ ಗಾಡಿ ಕಾಣುವ ಮುಂಚೆ ಫಲಕ ಕಾಣುವಂತೆ ಇಡಿ. ಕೆಲಸ ಮುಗಿದ ಮೇಲೆ ಬೇರೆಯವರ ಕಲ್ಲುಗಳನ್ನೂ ಎತ್ತಿ ಬದಿಗೆ ಹಾಕಿ ಹೊರಡಿ.