ಓದುಗರ ಪ್ರಶ್ನೆ: ಹಾಲ್ಪಾನ್ ಮತ್ತು ಸಿಯೆರಾ ಗೋರ್ದಾದ ಐದು ಚರ್ಚುಗಳು

ಪ್ರಶ್ನೆ: ಮೆಕ್ಸಿಕೋದ ಕೆರೆತಾರೊ ನಗರದಿಂದ ಸಿಯೆರಾ ಗೋರ್ದಾ ಬೆಟ್ಟಸಾಲಿನಲ್ಲಿರುವ ಹಾಲ್ಪಾನ್‌ಗೆ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ನಕ್ಷೆಯಲ್ಲಿ 200 ಕಿಲೋಮೀಟರಿಗಿಂತ ಕಡಿಮೆ ಕಾಣುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದೇ? (ಡಲ್ಲಾಸ್‌ನ ಓದುಗರು)

ಬೇಡ. ದೂರ ಕಡಿಮೆಯೇ, ಆದರೆ ಹೋಗಲು ನಾಲ್ಕು ಗಂಟೆ ಬೇಕು. 120ನೇ ಹೆದ್ದಾರಿ ಎಸೆಕಿಯೆಲ್ ಮೊಂತೆಸ್, ಕಾದೆರೆಯ್ತಾ ದಾಟುವವರೆಗೆ ಸಲೀಸು. ಆಮೇಲೆ ಘಟ್ಟ. ಪಿನಾಲ್ ದೆ ಅಮೋಲೆಸ್ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಹಾಲ್ಪಾನ್ ಸುಮಾರು 760ರಲ್ಲಿ. ಇಷ್ಟು ಇಳಿತವೆಲ್ಲ ಕೊನೆಯ ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲೇ ಮುಗಿಯುತ್ತದೆ. ಇಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಆಟೊಮ್ಯಾಟಿಕ್ ಕಾರಾದರೂ ಎರಡನೆಯ ಅಥವಾ ಮೂರನೆಯ ಗೇರಿಗೆ ಹಾಕಿ, ಎಂಜಿನ್ನೇ ವೇಗ ತಡೆಯುವಂತೆ ಇಳಿಸಿ. ಪಿನಾಲ್ ಸುತ್ತ ಮಂಜು ಕವಿದರೆ ಮುಂದಿನ ತಿರುವೇ ಕಾಣುವುದಿಲ್ಲ, ಆದ್ದರಿಂದ ಕತ್ತಲಾಗುವ ಮೊದಲೇ ಊರು ಸೇರಿ. ದಾರಿಯ ಹಳ್ಳಿಗಳಲ್ಲಿ ಬಣ್ಣ ಮಾಸಿದ ರೋಡ್ ಹಂಪ್‌ಗಳು ಏಕಾಏಕಿ ಎದುರಾಗುತ್ತವೆ. ಪೆಟ್ರೋಲನ್ನು ಕಾದೆರೆಯ್ತಾದಲ್ಲೇ ತುಂಬಿಸಿ. ಟೆಕ್ಸಸ್‌ನಿಂದ ಸ್ವಂತ ಕಾರು ತರುವುದಾದರೆ ಮೆಕ್ಸಿಕೋದ ವಿಮೆ, ತಾತ್ಕಾಲಿಕ ಆಮದು ಪರವಾನಗಿ ಎರಡೂ ಬೇಕು. ಕೆರೆತಾರೊದಲ್ಲೇ ಬಾಡಿಗೆಗೆ ಹಿಡಿಯುವುದು ಸುಲಭ.

ಕನಿಷ್ಠ ಎರಡು ರಾತ್ರಿ ಉಳಿಯಿರಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಹಾಲ್ಪಾನ್ ಬೇಯುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಕಟ್ಟುವುದುಂಟು.

ಪ್ರಶ್ನೆ: ಐದು ಚರ್ಚುಗಳೂ ಒಂದೇ ಬಗೆಯವಲ್ಲವೇ? ಒಂದನ್ನು ನೋಡಿದರೆ ಸಾಲದೇ? (ಮೈಸೂರಿನ ಓದುಗರು)

ಸಾಲದು. 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹಾಲ್ಪಾನ್, ಕೊಂಕಾ, ಲಾಂದಾ, ತಿಲಾಕೊ, ತಾಂಕೊಯೋಲ್ ಐದನ್ನೂ ಒಟ್ಟಾಗಿ. ಅವುಗಳ ಜೀವ ಇರುವುದು ಮುಂಭಾಗದ ಗೋಡೆಯಲ್ಲಿ. ಒರಟು ಕಲ್ಲಿನ ಗೋಡೆಯ ಮೇಲೆ ಸುಣ್ಣದ ಗಾರೆ ಮೆತ್ತಿ ಸಂತರು, ದೇವದೂತರು, ಬಳ್ಳಿ, ಹಣ್ಣುಗಳನ್ನು ಮೂಡಿಸಿದ್ದಾರೆ. ಯೋಜನೆ ಸಂತ ಫ್ರಾನ್ಸಿಸ್ ಹೆಸರಿನ ಪಂಥದ, ಅಂದರೆ ಫ್ರಾನ್ಸಿಸ್ಕನ್ ಪಾದ್ರಿಗಳದು. ದುಡಿದ ಕೈಗಳು ಅಲ್ಲಿನ ಮೂಲನಿವಾಸಿಗಳಾದ ಪಾಮೆ ಜನರವು. ಮಾರ್ಗದರ್ಶಿಗಳು ಇದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ, ಅದು ಸಾಲದು ಎಂದೇ ನಮ್ಮ ಅಭಿಪ್ರಾಯ.

ಹಾಲ್ಪಾನ್‌ನಲ್ಲಿ (ಕಟ್ಟಿದ್ದು 1751–58) ಮೊದಲು ಗಡಿಯಾರ ಹುಡುಕಿ. ಅಲ್ಲಿ ಮೊದಲಿದ್ದದ್ದು ಈ ಚರ್ಚಿನ ಸಂತ ಸಾಂತಿಯಾಗೊನ ಮೂರ್ತಿ. ಅದನ್ನು ತೆಗೆದು ಗಡಿಯಾರ ಕೂರಿಸಿದರು. ಗೋಡೆಯಲ್ಲಿ ಮೇರಿಮಾತೆಯ ಎರಡು ರೂಪಗಳಾದ ಮೆಕ್ಸಿಕೋದ ಗ್ವಾದಲೂಪೆ ಮಾತೆಯೂ ಸ್ಪೇನಿನ ಪಿಲಾರ್ ಮಾತೆಯೂ ಜೊತೆಗಿದ್ದಾರೆ. ಕೆಳಗೆ ಹಾವನ್ನು ತಿನ್ನುವ ಎರಡು ತಲೆಯ ಹದ್ದನ್ನು ತಪ್ಪಿಸಿಕೊಳ್ಳಬೇಡಿ: ಎರಡು ತಲೆ ಹಿಂದೆ ಸ್ಪೇನನ್ನು ಆಳಿದ್ದ ಹಾಬ್ಸ್‌ಬರ್ಗ್ ಅರಸರ ಲಾಂಛನ, ಹಾವು ತಿನ್ನುವ ಹದ್ದು ಮೆಷಿಕರ (ಅಜ್ಟೆಕರ) ಕಥೆಯದು.

ಕೊಂಕಾ ಐದರಲ್ಲಿ ಚಿಕ್ಕದು. ಅಲ್ಲಿಯೂ ಎರಡು ತಲೆಯ ಹದ್ದಿದೆ, ಜೊತೆಗೆ ಒಂದು ಮೊಲ. ನೆತ್ತಿಯಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ರೂಪಗಳಲ್ಲಿ ದೇವರು. ತಿಲಾಕೊದಲ್ಲಿ ಮತ್ಸ್ಯಕನ್ಯೆಯರು, ತುದಿಯಲ್ಲಿ ದೊಡ್ಡ ಹೂಜಿ. ತಾಂಕೊಯೋಲ್‌ನಲ್ಲಿ ಸಂತ ಫ್ರಾನ್ಸಿಸ್ ಏಸುವಿನ ಗಾಯಗಳನ್ನು ಪಡೆಯುವ ದೃಶ್ಯ. ಲಾಂದಾ ಕೊನೆಗೆ ಕಟ್ಟಿದ್ದು, ಎಲ್ಲಕ್ಕಿಂತ ತುಂಬಿದ್ದು. ಸಮಯ ಕಡಿಮೆಯಿದ್ದರೆ ಹಾಲ್ಪಾನ್ ಜೊತೆ ಅದನ್ನು ಆರಿಸಿ.

ನಡುಹಗಲಿನ ಬಿಸಿಲಿಗೆ ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ನಿಂತರೆ ಬೆರಳಿನ ಗೆರೆಗಳೂ ಎದ್ದು ಕಾಣುತ್ತವೆ. ದಯವಿಟ್ಟು ಮುಟ್ಟಬೇಡಿ. ಸುಣ್ಣದ ಗಾರೆ ಮೆದು, ನೀರು ಹೀರುತ್ತದೆ, ಬಿಟ್ಟುಕೊಡುತ್ತದೆ. ಇಂಥ ಗೋಡೆಗೆ ಸಿಮೆಂಟಿನ ತೇಪೆ ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು ಪಕ್ಕದ ಹಳೆಯ ಗಾರೆ ಪುಡಿಯಾಗಿ ಉದುರುತ್ತದೆ. ದುರಸ್ತಿಯನ್ನು ಸುಣ್ಣದಲ್ಲೇ ಮಾಡಬೇಕು ಎನ್ನುವುದು ಅದಕ್ಕೇ.

ಹೋಗುವ ಕ್ರಮ ಹೀಗಿರಲಿ. ಒಂದು ದಿನ ಹಾಲ್ಪಾನ್‌ನಿಂದ ಪೂರ್ವಕ್ಕೆ ಲಾಂದಾ, ಮುಂದೆ ಲಾ ಲಗುನಿತಾ ಕೂಡುರಸ್ತೆಯಿಂದ ಬಲಕ್ಕೆ ತಿಲಾಕೊ, ಎಡಕ್ಕೆ ತಾಂಕೊಯೋಲ್. ಕೊಂಕಾ ವಾಯವ್ಯದಲ್ಲಿ ರಿಯೋವೆರ್ದೆ ದಾರಿಯಲ್ಲಿದೆ, ಅದಕ್ಕೆ ಅರ್ಧ ದಿನ ಬೇರೆ ಇಡಿ. ಹಳ್ಳಿಗಳಲ್ಲಿ ಕಾರ್ಡ್ ನಂಬಬೇಡಿ, ಪೆಸೊ ನಗದು ಜೇಬಿನಲ್ಲಿರಲಿ.

ಪ್ರಶ್ನೆ: ಊರಿನ ಪೂರ್ಣ ಹೆಸರು 'ಹಾಲ್ಪಾನ್ ದೆ ಸೆರಾ'. ಅದರಲ್ಲಿರುವ ಸೆರಾ ಯಾರು? (ಧಾರವಾಡದ ಓದುಗರು)

ಹುನಿಪೆರೊ ಸೆರಾ, ಸ್ಪೇನಿನ ಮಯೋರ್ಕಾ ದ್ವೀಪದ ಫ್ರಾನ್ಸಿಸ್ಕನ್ ಪಾದ್ರಿ. 1750ರಲ್ಲಿ ಇಲ್ಲಿಗೆ ಬಂದು ಪಾಮೆ ಭಾಷೆ ಕಲಿತರು, 1758ರಲ್ಲಿ ಹೊರಟರು. 1769ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಮಿಷನ್ (ಮತಪ್ರಚಾರದ ನೆಲೆ) ಆರಂಭಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಪ್ರತಿಭಟಿಸಿದರು, ಅವರ ಪೂರ್ವಜರ ಪಾಲಿಗೆ ಮಿಷನ್ ಎಂದರೆ ಬಲವಂತದ ದುಡಿಮೆ ಮತ್ತು ರೋಗ. ಸಿಯೆರಾ ಗೋರ್ದಾದಲ್ಲೂ ಮಿಷನ್‌ಗಳು ನೆಲೆಯೂರಿದ್ದು ಸ್ಪೇನಿನ ಸೇನಾಧಿಕಾರಿ ಹೊಸೆ ದೆ ಎಸ್ಕಂದೋನ್‌ನ ಸೈನಿಕ ಕಾರ್ಯಾಚರಣೆಯ ಬೆನ್ನಿಗೆ. ಗೋಡೆಯ ಚೆಲುವನ್ನು ನೋಡುವಾಗ ಇದೂ ನೆನಪಿರಬೇಕು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟ ಸಿಗುತ್ತದೆಯೇ? (ಹೂಸ್ಟನ್‌ನ ಓದುಗರು)

ಸಿಗುತ್ತದೆ, ಕೇಳಿ ತಿನ್ನಬೇಕು. ಬೀನ್ಸನ್ನು ಹಂದಿಕೊಬ್ಬಿನಲ್ಲಿ ಹುರಿಯುವುದು, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದು ಸಾಮಾನ್ಯ. 'ಸಿನ್ ಕಾರ್ನೆ' (ಮಾಂಸವಿಲ್ಲದೆ) ಎಂದು ಕೇಳಿದರೆ ಮಾಂಸದ ತುಂಡು ಮಾತ್ರ ಬಿಡುತ್ತಾರೆ. 'ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೊಯೊ' (ಹಂದಿಕೊಬ್ಬಿಲ್ಲದೆ, ಕೋಳಿಯ ಸಾರಿಲ್ಲದೆ) ಎಂದೂ ಸೇರಿಸಿ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸಕಾವಿಲ್ ಎಂಬ ಮೆಕ್ಕೆಜೋಳದ ತಿನಿಸು ನೋಡಿ ನಮ್ಮ ಕಡುಬೆಂದುಕೊಳ್ಳಬೇಡಿ, ಒಳಗೆ ಮಾಂಸವಿರುತ್ತದೆ, ಹಿಟ್ಟಿಗೂ ಕೊಬ್ಬು ಬೆರೆತಿರುತ್ತದೆ. ಚೀಸ್ ತುಂಬಿದ ಕೆಸದಿಯಾ ಎಂಬ ರೊಟ್ಟಿ, ನೊಪಾಲ್ ಎಂಬ ಪಾಪಾಸುಕಳ್ಳಿಯ ಪಲ್ಯ, ಹಣ್ಣು ಇವನ್ನು ನೆಚ್ಚಿಕೊಳ್ಳಬಹುದು. ತಿಲಾಕೊ, ತಾಂಕೊಯೋಲ್‌ಗೆ ಹೋಗುವ ದಿನ ಬುತ್ತಿ ಕಟ್ಟಿಕೊಂಡೇ ಹೊರಡಿ.