ರಾತ್ರಿ ಮೂರಕ್ಕೇ ಎಚ್ಚರ, ತಲೆತುಂಬಾ ಆಫೀಸು

ಪ್ರಶ್ನೆ: ನನಗೆ 44 ವರ್ಷ. ಕಂಪನಿಯೊಂದರ ಮಾರಾಟ ವಿಭಾಗದ ಮುಖ್ಯಸ್ಥ. ಕೆಲವು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಆಮೇಲೆ ಟಾರ್ಗೆಟ್, ಮೀಟಿಂಗ್ ಇವೇ ತಲೆಯಲ್ಲಿ. ಸಣ್ಣ ಮಾತಿಗೂ ತಂಡದವರ ಮೇಲೆ ರೇಗುತ್ತೇನೆ. ರಜೆಯಲ್ಲಿದ್ದರೂ 'ಸರ್, ಈ ಗ್ರಾಹಕರಿಗೆ ರಿಯಾಯಿತಿ ಕೊಡಲಾ?' ಎಂದು ಫೋನ್ ಬರುತ್ತದೆ. ಧ್ಯಾನದ ಆ್ಯಪ್ ಹಾಕಿಕೊಂಡೆ, ಪ್ರಯೋಜನ ಆಗಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ವೈದ್ಯರ ಹತ್ತಿರ ಹೋಗಿ ಬಿಪಿ, ಶುಗರ್, ಥೈರಾಯ್ಡ್ ನೋಡಿಸಿಕೊಳ್ಳಿ. ನಿದ್ದೆ ಕೆಡಲು ಒತ್ತಡ ಒಂದೇ ಕಾರಣ ಆಗಿರಬೇಕಿಲ್ಲ. ಎದೆನೋವು ಬಂದರಂತೂ 'ಟೆನ್ಷನ್ ಇರಬೇಕು' ಅಂತ ಸುಮ್ನೆ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಿಮ್ಮ ಪತ್ರದಲ್ಲಿ ಕೆಲಸ ಜಾಸ್ತಿ ಎಂಬ ದೂರು ಇಲ್ಲ, ಗಮನಿಸಿದಿರಾ? ನಿಮ್ಮನ್ನು ಕೇಳದೆ ಅಲ್ಲಿ ಏನೂ ನಡೆಯುತ್ತಿಲ್ಲ, ತೊಂದರೆ ಇರುವುದು ಅಲ್ಲಿ. ಹತ್ತಾರು ನಿರ್ಧಾರಗಳು ಅರ್ಧಕ್ಕೆ ನಿಂತು ನಿಮ್ಮ ಜೊತೆ ಮನೆಗೆ ಬರುತ್ತಿವೆ. ರಾತ್ರಿಯ ಕೊನೆಯ ಭಾಗದಲ್ಲಿ ಎಲ್ಲರ ನಿದ್ದೆಯೂ ತೆಳುವಾಗುತ್ತದೆ. ಮೈಯನ್ನು ಎಚ್ಚರಕ್ಕೆ ಅಣಿಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರತೊಡಗುವುದೂ ಆಗಲೇ. ತಲೆಯಲ್ಲಿ ಬಾಕಿ ಕೆಲಸ ಇದ್ದವರಿಗೆ ಆ ಹೊತ್ತಲ್ಲಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದು ಕಷ್ಟ.

ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. 'ಸರ್, ಇದಕ್ಕೇನು ಮಾಡಲಿ?' ಎಂದು ಬಂದದ್ದನ್ನೆಲ್ಲ ಬರೆಯಿರಿ. ವಾರದ ಕೊನೆಗೆ ನೋಡಿದರೆ, ಬೇರೆಯವರೇ ತೀರ್ಮಾನ ಮಾಡಬಹುದಾದವು ಎಷ್ಟಿವೆ ಎಂದು ನಿಮಗೇ ಆಶ್ಚರ್ಯವಾದೀತು. ರಿಯಾಯಿತಿಯನ್ನೇ ತೆಗೆದುಕೊಳ್ಳಿ. 'ಶೇ 5ರವರೆಗೆ ನೀವೇ ಕೊಡಿ, ಶುಕ್ರವಾರ ಲೆಕ್ಕ ತಿಳಿಸಿ. ಅದಕ್ಕಿಂತ ಹೆಚ್ಚಾದರೆ ಮಾತ್ರ ನನ್ನನ್ನು ಕೇಳಿ' ಎಂದು ಬರೆದು ಕೊಡಿ. ಮೊದಮೊದಲು ಯಾರೋ ಎಡವುತ್ತಾರೆ. ಆಗ ಮಿತಿಯನ್ನು ಸರಿಪಡಿಸಿ. ಅಧಿಕಾರವನ್ನು ವಾಪಸ್ ಕಿತ್ತುಕೊಳ್ಳಬೇಡಿ, ಇದೇ ಅತಿ ಮುಖ್ಯ.

ಕೆಲಸದ ಒತ್ತಾಯ ಜಾಸ್ತಿ, ಕೆಲಸದ ಮೇಲೆ ಹಿಡಿತ ಕಡಿಮೆ. ಈ ಎರಡೂ ಸೇರಿದಾಗಲೇ ಮನುಷ್ಯ ಹೆಚ್ಚು ಬಳಲುತ್ತಾನೆ ಎಂದು ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದರು. ನಿಮ್ಮ ಕೈಕೆಳಗಿನವರ ಪಾಡು ಈಗ ಇದೇ ಅಲ್ವಾ? ನೀವು ಹಿಡಿತ ಬಿಟ್ಟುಕೊಟ್ಟಷ್ಟೂ ಅವರಿಗೂ ಹಗುರ.

ಸಂಜೆ ಎದ್ದು ಹೊರಡುವ ಮುಂಚೆ ಹತ್ತು ನಿಮಿಷ ಕೂತು, ಮುಗಿಯದ ಪ್ರತಿ ಕೆಲಸಕ್ಕೂ ಮುಂದಿನ ಹೆಜ್ಜೆ ಬರೆದಿಡಿ. ಬರೀ 'ಬಜೆಟ್' ಎಂದು ಬರೆದರೆ ಸಾಲದು. 'ನಾಳೆ ಹತ್ತಕ್ಕೆ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿ ಕಳೆದ ತಿಂಗಳ ಅಂಕಿ ಕೇಳಬೇಕು' ಎಂದಿರಲಿ. ಹೀಗೆ ಬರೆದಿಟ್ಟರೆ ತಲೆ ಅದನ್ನು ಪದೇಪದೇ ನೆನಪಿಸುವುದು ಕಡಿಮೆಯಾಗುತ್ತದೆ.

ಮಧ್ಯಾಹ್ನದ ನಂತರ ಕಾಫಿ ಬೇಡ. ಕುಡಿದು ಐದು ಗಂಟೆ ಆದರೂ ಸುಮಾರು ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಮದ್ಯ ಬೇಗ ನಿದ್ದೆ ತರಿಸುತ್ತದೆ, ನಡುರಾತ್ರಿ ಕೆಡಿಸುತ್ತದೆ. ಮೂರಕ್ಕೆ ಎಚ್ಚರವಾದರೆ ಗಡಿಯಾರ, ಫೋನ್ ನೋಡಬೇಡಿ. ತುಂಬಾ ಹೊತ್ತು ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತಿದ್ದು, ತೂಕಡಿಕೆ ಬಂದಾಗ ಮಲಗಿ.

ಧ್ಯಾನವನ್ನು ಬಿಡಿ ಎನ್ನುತ್ತಿಲ್ಲ. ರೇಗುವ ಮುಂಚೆ ನಾಲ್ಕು ಸಲ ನಿಧಾನಕ್ಕೆ ಉಸಿರು ಬಿಟ್ಟರೂ ಎದೆಬಡಿತ ಇಳಿಯುತ್ತದೆ. ಆದರೆ ಬಾಕಿ ಇರುವ ನಿರ್ಧಾರಗಳನ್ನು ಆ್ಯಪ್ ಕಡಿಮೆ ಮಾಡಲಾರದು. ಈಗಾಗಲೇ ಯಾರ ಮೇಲಾದರೂ ಕೂಗಾಡಿದ್ದರೆ ಅವರನ್ನು ಕರೆದು ನೇರವಾಗಿ ಕ್ಷಮೆ ಕೇಳಿ.

ಒಂದು ತಿಂಗಳು ಇಷ್ಟು ಮಾಡಿಯೂ ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ತಿಂಗಳು ಕಾಯಬೇಡಿ, ಅಂದೇ ಹೋಗಿ.